ಅತ್ತೆಗಿಂತ ಎತ್ತರದ ಕುರ್ಚಿ

ಬುವಾಲೈಗೆ ಊಟಕ್ಕೆ ಕೂರುವುದಕ್ಕಿಂತ ಊಟ ಮುಗಿಸಿ ಏಳುವುದೇ ದೊಡ್ಡ ಕೆಲಸವಾಗಿತ್ತು. ಕೂರುವಾಗ ಮನೆಯ ಕಂಬ ಹಿಡಿದು, ಭಾರವನ್ನೆಲ್ಲ ಎಡಗಾಲಿಗೆ ಕೊಟ್ಟು, ಮೆಲ್ಲಗೆ ಚಾಪೆಗಿಳಿದು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಿಸಿಕೊಂಡರೆ ಮುಗಿಯಿತು. ಏಳುವಾಗ ಮಾತ್ರ ನೋವಿಗೆ ಮುಖ ಕಿವುಚಿಕೊಳ್ಳುತ್ತಿತ್ತು. ಆ ಮುಖವನ್ನು ಯಾರೂ ನೋಡುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕೇ ದಿನವೂ, "ನೀವೆಲ್ಲ ನಡೀರಿ, ನಾನು ಪಾತ್ರೆ ಒಟ್ಟು ಮಾಡಿ ಬರ್ತೀನಿ" ಎಂದು ಕೊನೆಗೆ ಉಳಿದುಕೊಳ್ಳುತ್ತಿದ್ದಳು.

ಅವತ್ತು ಹಾಗೆ ಉಳಿಯಲು ಆಗಲಿಲ್ಲ. ಎಲ್ಲರೂ ಇನ್ನೂ ಉಣ್ಣುತ್ತಿರುವಾಗಲೇ ಬೀದಿಯಲ್ಲಿ ಮೀನು ತರಕಾರಿ ಮಾರುವವನ ಬಂಡಿ ಬಂತು. ಅತ್ತೆ ಖಮ್‌ಫಾ ತುತ್ತನ್ನು ಕೈಯಲ್ಲೇ ಹಿಡಿದು, "ನಿಲ್ಸೇ ಅವನನ್ನ, ನಿನ್ನೆನೂ ಹಂಗೇ ಹೋಗ್ಬಿಟ್ಟ" ಎಂದಳು. ಬುವಾಲೈ ಕಂಬ ಹಿಡಿಯುವುದನ್ನು ಮರೆತು ದಡಬಡನೆ ಎದ್ದಳು. ಬಲ ಮಂಡಿಯೊಳಗೆ ಏನೋ ಕಟಕ್ಕೆಂದಿತು. ಕಾಲು ಪಕ್ಕಕ್ಕೆ ವಾಲಿತು, ಬುವಾಲೈ ತಟ್ಟೆಗಳ ಮೇಲೇ ಬಿದ್ದಳು. ಕಳಲೆ ಸಾರು ಚಾಪೆಯ ತುಂಬ ಹರಿಯಿತು.

"ಅಮ್ಮಾ!" ಎಂದು ಮಗಳು ಮಲಿವಾನ್ ಓಡಿ ಬಂದಳು. ಗಂಡ ಸುಥಿನ್ ತೋಳು ಹಿಡಿದು ಎಬ್ಬಿಸಲು ನೋಡಿದ.

"ಏನಿಲ್ಲ, ಏನಿಲ್ಲ. ಕಾಲು ಜೋಮು ಹಿಡಿದಿತ್ತು" ಎಂದಳು ಬುವಾಲೈ. ಮಾತು ಮುಗಿಯುವ ಮೊದಲೇ ಮಲಿವಾನ್ ಅವಳು ಉಟ್ಟಿದ್ದ ಬಟ್ಟೆಯನ್ನು ಮಂಡಿಯ ಮೇಲಕ್ಕೆ ಸರಿಸಿಬಿಟ್ಟಿದ್ದಳು. ಮಂಡಿ ಊದಿಕೊಂಡು ಗುಂಡಗಾಗಿತ್ತು. ಅದರ ಕೆಳಗಿನ ಕಾಲು ನೆಟ್ಟಗಿರಲಿಲ್ಲ, ಹೊರಕ್ಕೆ ತಿರುಗಿತ್ತು.

"ಇದು ಜೋಮಾ? ಯಾವಾಗಿಂದ ಹೀಗಿದೆ? ಎಷ್ಟು ತಿಂಗಳಿಂದ ಬಚ್ಚಿಡ್ತಾ ಇದೀಯ?"

"ಕಿರಚಬೇಡ್ವೇ. ಬೀದಿಯೋರೆಲ್ಲ ಕೇಳಿಸ್ಕೋತಾರೆ."

ಅತ್ತೆ ಸೊಸೆಯ ಮಂಡಿಯನ್ನು ಒಂದು ಸಲ ನೋಡಿದಳು, ಆಮೇಲೆ ಅಂಟಕ್ಕಿ ಅನ್ನದ ಬಿದಿರು ಬುಟ್ಟಿಯ ಕಡೆ ತಿರುಗಿ, "ಮುಚ್ಚಳ ಹಾಕಿ. ನೊಣ ಕೂರುತ್ತೆ" ಎಂದಳು. 

ಆ ಮಂಡಿ ಬುವಾಲೈ ಹುಟ್ಟಿನಿಂದ ಹೊತ್ತು ತಂದದ್ದಲ್ಲ. ಹನ್ನೆರಡು ವರ್ಷದ ಕೆಳಗೆ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಸವೆದದ್ದನ್ನು ಕತ್ತರಿಸಿ ತೆಗೆದು ಲೋಹದ್ದು ಹಾಕಿದ್ದರು. ಯಸೋಥೋನ್ ಸೀಮೆಯ ಆ ಊರಿಗೆ ಅದೇ ಮೊದಲ ಬದಲಿ ಮಂಡಿ. ಹೆಂಗಸರು ಸರತಿಯಲ್ಲಿ ಬಂದು ಮುಟ್ಟಿ ನೋಡಿ ಹೋಗಿದ್ದರು. ಬುವಾಲೈ ಮತ್ತೆ ಗದ್ದೆಗೆ ಹೋದಳು, ಸಂತೆಗೆ ಹೋದಳು, ಬೆಳಗ್ಗೆ ಭಿಕ್ಷುಗಳ ಪಾತ್ರೆಗೆ ಅನ್ನ ಹಾಕಲು ಬೀದಿಗೆ ಹೋಗಿ ನಿಂತಳು. ಎರಡನೇ ಹರೆಯ ಬಂತು ಎಂದು ಗಂಡ ಗೇಲಿ ಮಾಡುತ್ತಿದ್ದ. ಡಾಕ್ಟರು ಹೇಳಿದ್ದು ಒಂದೇ ಮಾತು: ನೆಲದ ಮೇಲೆ ಕಾಲು ಮಡಿಸಿ ಕೂರಬೇಡ, ಕುರ್ಚಿ ಮೇಲೆ ಕೂತು ಉಣ್ಣು.

ಆ ಒಂದು ಮಾತನ್ನೇ ಅವಳು ನಡೆಸಲಿಲ್ಲ. ವಿಹಾರದಲ್ಲಿ ಹಿರಿಯ ಸ್ವಾಮಿಗಳೇ ಗೋಡೆಯ ಪಕ್ಕ ಕುರ್ಚಿ ಹಾಕಿಸಿ, ಕಾಲು ಬಾರದವರು ಸಂಕೋಚ ಪಡದೆ ಕೂರಿ ಎಂದಿದ್ದರು. ಅಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಮಾತ್ರ ಆಗಲಿಲ್ಲ. ಮನೆಯಲ್ಲಿ ಅತ್ತೆ ಇದ್ದಳು, ಅತ್ತೆ ಚಾಪೆಯ ಮೇಲೆ ಕೂರುತ್ತಿದ್ದಳು. ಅತ್ತೆ ನೆಲದಲ್ಲಿ ಕೂತಿರುವಾಗ ಸೊಸೆ ಕುರ್ಚಿಯ ಮೇಲೆ ಕೂತು, ಅವಳ ತಲೆಯ ಮೇಲಿಂದ ಕೈ ಚಾಚಿ ಅನ್ನ ತೆಗೆಯುವುದೆಂದರೇನು? ಮದುವೆಯ ದಿನ ಅತ್ತೆಯ ಪಾದ ತೊಳೆದು, ಹೊಸ ಚಾಪೆ ದಿಂಬು ಕಾಣಿಕೆ ಕೊಟ್ಟು ತಲೆಬಾಗಿದಾಗ ಬುವಾಲೈಯ ತಾಯಿ ಕಿವಿಯಲ್ಲಿ ಹೇಳಿ ಕಳಿಸಿದ್ದೂ ಹಿರಿಯರ ತಲೆಗಿಂತ ಎತ್ತರ ಕೂರಬಾರದು ಎಂಬುದನ್ನೇ. ಆ ಕಡೆ ಗಂಡೇ ಹೆಣ್ಣಿನ ಮನೆಗೆ ಬಂದಿರುವುದು ವಾಡಿಕೆ. ಹೆಣ್ಣುಮಕ್ಕಳಿಲ್ಲದ ಖಮ್‌ಫಾ ಹಟ ಹಿಡಿದು, ಬೀಗರನ್ನು ಕಾಡಿ ಬೇಡಿ ಸೊಸೆಯನ್ನು ತನ್ನ ಮನೆಗೆ ತಂದುಕೊಂಡಿದ್ದಳು. ಬುವಾಲೈ ಮಲಿವಾನಳನ್ನು ಹೆತ್ತು ಬೆಂಕಿಯ ಪಕ್ಕ ಬಾಣಂತನಕ್ಕೆ ಮಲಗಿದಾಗ ಸೌದೆ ಒಟ್ಟಿದ್ದು, ಬಿಸಿನೀರು ಹೊತ್ತದ್ದು, ಹೊಲಸು ಬಟ್ಟೆ ಒಗೆದದ್ದು ಆ ಅತ್ತೆಯೇ. ಅಂಥವಳಿಗಿಂತ ಮೇಲೆ ಕೂರುವುದು ಬುವಾಲೈಯಿಂದ ಆಗದ ಮಾತು. ಕೂರೆಂದು ಅತ್ತೆ ಹೇಳಲೂ ಇಲ್ಲ, ಬೇಡವೆನ್ನಲೂ ಇಲ್ಲ. ದಿನಕ್ಕೆ ಮೂರು ಹೊತ್ತು, ಹನ್ನೆರಡು ವರ್ಷ, ಇಬ್ಬರೂ ಪಕ್ಕಪಕ್ಕ ಚಾಪೆಯ ಮೇಲೇ ಉಂಡರು.

ಮಾರನೆಯ ವಾರ ಮಲಿವಾನ್ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು.

"ಮೇಲೊಂದು ಲೋಹ, ಕೆಳಗೊಂದು ಲೋಹ, ಮಧ್ಯೆ ಪ್ಲಾಸ್ಟಿಕ್ಕಿನ ಬಿಲ್ಲೆ. ಆ ಬಿಲ್ಲೆ ಒಂದು ಕಡೆ ಸವೆದಿದೆ. ಸವೆದ ಪುಡಿ ಸುಮ್ನಿರಲ್ಲ ದೊಡ್ಡಮ್ಮ, ಸುತ್ತಲಿನ ಎಲುಬನ್ನ ಹಾಳು ಮಾಡುತ್ತೆ. ಇಲ್ಲಿ ಕಪ್ಪಗೆ ಕಾಣ್ತಿದೆ ನೋಡಿ. ಕೆಳಗಿನ ಲೋಹ ಸಡಿಲ ಆಗಿ ಅಲ್ಲಾಡ್ತಿದೆ."

"ಇಷ್ಟು ಬೇಗನಾ? ಇಪ್ಪತ್ತು ವರ್ಷಕ್ಕೆ ಮೋಸ ಇಲ್ಲ ಅಂದಿದ್ರಲ್ಲ" ಎಂದಳು ಬುವಾಲೈ.

"ತುಂಬ ಜನರಿಗೆ ಬರುತ್ತೆ. ಇಪ್ಪತ್ತು ದಾಟಿ ಓಡಾಡ್ಕೊಂಡಿರೋರೂ ಇದಾರೆ. ಕೆಲವರದ್ದು ಮಾತ್ರ ಹೀಗೆ ಮುಂಚೆನೇ ಹೋಗುತ್ತೆ. ನೆಲದ ಮೇಲೆ ಕೂರ್ತೀರಾ?"

"ಇಲ್ಲ" ಎಂದಳು ತಾಯಿ. "ಹೂಂ" ಎಂದಳು ಮಗಳು.

ಡಾಕ್ಟರು ಇಬ್ಬರನ್ನೂ ನೋಡಿ ನಕ್ಕರು. ಬುವಾಲೈ ತಲೆ ತಗ್ಗಿಸಿದಳು.

"ಅದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ. ಹಣೆಬರಹನೂ ಇರುತ್ತೆ. ಆದ್ರೆ ಅಷ್ಟು ಮಡಿಸಿ ಕೂತಾಗೆಲ್ಲ ಆ ಬಿಲ್ಲೆ ಮೇಲೆ ಭಾರ ಬೀಳೋದು ನಿಜ. ಈಗ ಹಳೇದನ್ನ ಕಿತ್ತು ಬೇರೆ ಹಾಕಬೇಕು. ಮೊದಲಿನ ಹಾಗಲ್ಲ ಇದು. ಎಲುಬು ಕಮ್ಮಿ ಆಗಿದೆ, ಉದ್ದನೆ ಕಂಬಿ ಕೊಟ್ಟು ಕೂರಿಸಬೇಕು, ಕೀವು ಕಟ್ಟೋ ಭಯನೂ ಮೊದಲಿಗಿಂತ ಜಾಸ್ತಿ. ತಡ ಮಾಡಿದಷ್ಟೂ ಎಲುಬು ಹೋಗ್ತಾನೇ ಇರುತ್ತೆ."

"ಮಾಡಿಸಿದ್ರೆ ಮುಂಚಿನ ಹಾಗೆ ಆಗುತ್ತಾ?" ಎಂದು ಮಲಿವಾನ್ ಕೇಳಿದಳು.

"ನೋವು ಹೋಗುತ್ತೆ, ನಡೀತಾರೆ. ಮೊದಲನೇದರಷ್ಟು ಚೆನ್ನಾಗಿರಲ್ಲ, ಅಷ್ಟು ಕಾಲ ಬಾಳಿಕೆ ಬರುತ್ತೆ ಅನ್ನೋಕೂ ಆಗಲ್ಲ. ಇದನ್ನೂ ಕೆಡಿಸ್ಕೊಂಡು ಬಂದ್ರೆ ಮಾತ್ರ ಇನ್ನೊಂದು ಮಂಡಿ ಕೂರಿಸೋಕೆ ಎಲುಬೇ ಇರಲ್ಲ ದೊಡ್ಡಮ್ಮ. ಕಾಲನ್ನ ಕೋಲಿನ ಹಾಗೆ ನೆಟ್ಟಗೆ ಬೆಸೆದುಬಿಡಬೇಕಾಗಬಹುದು. ಆಮೇಲೆ ಮಡಿಸೋ ಮಾತೇ ಇಲ್ಲ."

ಬಸ್ಸಿನಲ್ಲಿ ಬುವಾಲೈ ಎಕ್ಸ್‌ರೇಯ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಖರ್ಚು ಬಹಳಷ್ಟು ನಡೆದುಹೋಗುತ್ತಿತ್ತು, ದುಡ್ಡಿನ ಚಿಂತೆ ಅವಳಿಗಿರಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಎಲ್ಲಿ ಕೂತು ಉಣ್ಣುವುದೆಂಬ ಚಿಂತೆ ಹಿಡಿದಿತ್ತು.

ಮಲಿವಾನ್ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಅಜ್ಜಿ, ಇನ್ಮೇಲೆ ಈ ಮನೇಲಿ ಮೇಜಿನ ಮೇಲೆ ಊಟ."

ಖಮ್‌ಫಾ ವೀಳ್ಯ ಅಗಿಯುತ್ತಿದ್ದಳು. ತೊಂಬತ್ತರ ಹತ್ತಿರದ ಮುದುಕಿ. ಬೆನ್ನು ಬಾಗಿದ್ದರೂ ದನಿ ಬಾಗಿರಲಿಲ್ಲ. "ಯಾರ ಮನೆ ಮೇಜು?"

"ನಾನು ತರ್ತೀನಿ. ನೀನೂ ಕುರ್ಚಿ ಮೇಲೆ ಕೂತ್ಕೋ, ಅಮ್ಮನೂ ಕೂರ್ತಾಳೆ. ಇಬ್ಬರೂ ಒಂದೇ ಎತ್ತರ. ಯಾರಿಗೂ ಪಾಪ ಸುತ್ಕೊಳ್ಳಲ್ಲ."

ಮೇಜು ಬಂತು, ಕುರ್ಚಿಗಳೂ ಬಂದವು. ಮೊಮ್ಮಗಳು ಅಜ್ಜಿಯನ್ನು ಎತ್ತಿ ಕೂರಿಸಿದಳು. ಮುದುಕಿಯ ಕಾಲು ನೆಲಕ್ಕೆ ತಾಗದೆ ಮಗುವಿನ ಕಾಲಿನ ಹಾಗೆ ನೇತಾಡಿತು. ಅನ್ನದ ಬುಟ್ಟಿ ಗದ್ದದ ಮಟ್ಟಕ್ಕೆ ಬಂತು. ಬುವಾಲೈ ಎದುರಿಗೆ ಕೂತು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಖಮ್‌ಫಾ ಒಂದು ತುತ್ತು ಉಂಡೆ ಕಟ್ಟಿದಳು, ಚಟ್ನಿಗೆ ಅದ್ದಿದಳು, ಬಾಯಿಗಿಡದೆ ಕೆಳಗಿಟ್ಟಳು.

"ತಲೆ ತಿರುಗುತ್ತೆ" ಎಂದಳು.

"ಅಭ್ಯಾಸ ಆಗುತ್ತೆ ಅಜ್ಜಿ."

"ಆಸ್ಪತ್ರೇಲಿ ಕೂರಿಸಿದ ಹಂಗಿದೆ. ನಾನೇನು ಮಾತ್ರೆ ನುಂಗೋಕೆ ಬಂದಿದೀನಾ? ಇಳಿಸೇ ನನ್ನ. ಕಾಲು ನೆಲಕ್ಕೆ ತಾಗದೆ ಅನ್ನ ಇಳಿಯಲ್ಲ ನಂಗೆ."

ಇಳಿಸಿದರು. ಇಳಿದವಳು ತಟ್ಟೆ ತೆಗೆದುಕೊಂಡು ಚಾಪೆಗೆ ಹೋದಳು. ಬುವಾಲೈ ಕುರ್ಚಿಯ ಮೇಲೇ ಉಳಿದಳು. ಕೆಳಗೆ ಅತ್ತೆಯ ನರೆತ ನೆತ್ತಿ ಕಾಣುತ್ತಿತ್ತು, ಮೇಲೆ ತಾನು ಕೂತಿದ್ದಳು.  ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಪಕ್ಕ ನಿಂತುಕೊಂಡೇ ಎರಡು ತುತ್ತು ತಿಂದು ಕೈ ತೊಳೆದಳು.

ಆವತ್ತಿನಿಂದ ಆ ಮನೆಯಲ್ಲಿ ಊಟ ಎರಡಾಯಿತು. ಚಾಪೆಯ ಮೇಲೆ ಅತ್ತೆ ಮತ್ತು ಮಗ, ಅಡುಗೆಮನೆಯಲ್ಲಿ ನಿಂತುಕೊಂಡು ಸೊಸೆ. ಮಲಿವಾನ್ ಸಿಟ್ಟಿಗೆ ಅಂಗಡಿಯಲ್ಲೇ ತಿಂದು ಬರತೊಡಗಿದಳು. ಸುಥಿನ್ ತಾಯಿಯ ಎದುರಿಗೆ ಕೂತು ಅನ್ನ ಉಂಡೆ ಕಟ್ಟುತ್ತಾ, ಅಡುಗೆಮನೆಯ ಕಡೆ ಕಿವಿಗೊಟ್ಟು, ಏನೂ ರುಚಿ ಹತ್ತದೆ ಏಳುತ್ತಿದ್ದ. ಮೊದಲಾದರೆ ಮೀನಿನ ಮುಳ್ಳು ಬಿಡಿಸಿ ಅತ್ತೆಯ ತಟ್ಟೆಗೆ ಹಾಕುವುದು ಬುವಾಲೈಯ ಕೆಲಸವಾಗಿತ್ತು. ಈಗ ಮುದುಕಿ ಮೀನು ಮುಟ್ಟುವುದನ್ನೇ ಬಿಟ್ಟಳು.

"ಅವ್ವ, ನಾನು ಬಿಡಿಸಿ ಕೊಡ್ಲಾ?" ಎಂದು ಸುಥಿನ್ ಕೇಳಿದರೆ, "ನಿನ್ನ ಕೈಲಿ ಮುಳ್ಳೂ ಬರುತ್ತೆ. ಬೇಡ" ಎನ್ನುತ್ತಿದ್ದಳು.

ಒಂದು ಸಂಜೆ ಮಲಿವಾನ್ ತಡೆಯಲಾರದೆ ಹೋದಳು. ಅಡುಗೆಮನೆಯ ಗೋಡೆಗೊರಗಿ, ನೋಯುವ ಕಾಲನ್ನು ಎತ್ತಿ ಹಿಡಿದು ಉಣ್ಣುತ್ತಿದ್ದ ತಾಯಿಯನ್ನು ನೋಡಿ ಸೀದಾ ಅಜ್ಜಿಯ ಮುಂದೆ ಬಂದು ಕೂತಳು.

"ಅಜ್ಜಿ, ನೀನು ಒಂದು ಮಾತು ಹೇಳು. 'ಬುವಾಲೈ, ಕುರ್ಚಿ ಮೇಲೆ ಕೂತ್ಕೊಂಡು ಉಣ್ಣು, ನಂಗೇನೂ ಬೇಜಾರಿಲ್ಲ' ಅಂತ. ಅಷ್ಟೇ."

"ನಾನು ಯಾವತ್ತಾದ್ರೂ ಅವಳನ್ನ ನೆಲದ ಮೇಲೆ ಕೂರು ಅಂದಿದೀನಾ?"

"ಕೂರಬೇಡ ಅಂತಾನೂ ಅಂದಿಲ್ಲವಲ್ಲ! ಹನ್ನೆರಡು ವರ್ಷ ನೋಡ್ಕೊಂಡಿದ್ದೆ. ಅವಳು ಕಂಬ ಹಿಡ್ಕೊಂಡು ಏಳೋದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಮಲಿ!" ಎಂದು ಅಡುಗೆಮನೆಯಿಂದ ಬುವಾಲೈ ಕೂಗಿದಳು. "ಬಾಯಿ ಮುಚ್ಚು. ದೊಡ್ಡೋರ ಹತ್ರ ಮಾತಾಡೋ ರೀತಿನಾ ಇದು?"

"ನಿನಗೋಸ್ಕರನೇ ಅಲ್ವಾ ಮಾತಾಡ್ತಿರೋದು!"

"ನಂಗೋಸ್ಕರ ಯಾರೂ ಮಾತಾಡೋದು ಬೇಡ. ನನ್ನ ಕಾಲು, ನನ್ನ ಅತ್ತೆ. ನಿಂಗೇನು?"

ಮಲಿವಾನಳ ಕಣ್ಣಲ್ಲಿ ನೀರು ಬಂತು. "ನಾಳೆ ಕಾಲು ಕೋಲಾದ ಮೇಲೆ ನಿನ್ನನ್ನ ಬಚ್ಚಲಿಗೆ ಎತ್ಕೊಂಡು ಹೋಗೋಳು ನಾನೇ ತಾನೆ. ಹೌದು, ನಂಗೇನು" ಎಂದು ಎದ್ದು ಹೋದಳು.

ಖಮ್‌ಫಾ ಬಹಳ ಹೊತ್ತು ಅಗಿಯುತ್ತಿದ್ದ ವೀಳ್ಯವನ್ನು ಉಗಿದು ಮಗನನ್ನು ಕರೆದಳು. "ಸುಥಿನ್, ಅವಳಿಗೆ ಹೇಳು. ಹೋಗಿ ಆಪರೇಷನ್ ಮಾಡಿಸ್ಕೊಂಡು ಬರ್ಲಿ. ಕುಂಟಿ ಸೊಸೆ ನನ್ನ ಹೆಣಕ್ಕೆ ನೀರು ಹಾಕೋಕೆ ಬಂದು, ನನ್ನ ಮೇಲೇ ಬಿದ್ದು ಸಾಯೋದು ಬೇಡ."

ಅದು ಬೈಗುಳವೋ ಅಪ್ಪಣೆಯೋ ಯಾರಿಗೂ ತಿಳಿಯಲಿಲ್ಲ. ಬುವಾಲೈ ಅಪ್ಪಣೆಯೆಂದೇ ತಿಳಿದುಕೊಂಡಳು. ಕುರ್ಚಿಯ ಮಾತು ಮಾತ್ರ ಅದರಲ್ಲಿ ಇರಲಿಲ್ಲ.

ಆಪರೇಷನ್ ಬೆಳಗ್ಗೆ ಶುರುವಾಗಿ ಮಧ್ಯಾಹ್ನ ದಾಟಿದ ಮೇಲೆ ಮುಗಿಯಿತು. ಮೊದಲ ಸಲ ಮೂರನೇ ದಿನಕ್ಕೇ ಎದ್ದು ನಡೆದಿದ್ದವಳು ಈ ಸಲ ಹಾಸಿಗೆಯಲ್ಲಿ ಕಾಲು ಎತ್ತಲೂ ಅತ್ತಳು. ಗಾಯದಿಂದ ನೀರು ಜಿನುಗಿತು, ಕೀವೇನಾದರೂ ಕಟ್ಟಿತೋ ಎಂದು ಡಾಕ್ಟರು ದಿನವೂ ಬಂದು ನೋಡಿದರು. ಕಟ್ಟಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಮತ್ತೆ ಅದೇ ಮಾತು ಹೇಳಿದರು. ಈ ಸಲ ಮಲಿವಾನ್ ತಾಯಿಯ ಕೈಯನ್ನು ತನ್ನ ತಲೆಯ ಮೇಲಿಟ್ಟು, "ಆಣೆ ಮಾಡು" ಎಂದಳು. "ನೆಲದ ಮೇಲೆ ಕೂರಲ್ಲ ಅಂತ."

"ಕೂರಲ್ಲ" ಎಂದಳು ಬುವಾಲೈ. ಆ ಕ್ಷಣಕ್ಕೆ ಅವಳು ಮನಸಾರೆ ಹೇಳಿದ್ದಳು.

ಆಸ್ಪತ್ರೆಯವರು ಕೊಟ್ಟ ನಾಲ್ಕು ಕಾಲಿನ ನಡಿಗೆಯ ಚೌಕಟ್ಟನ್ನು ಊರಿಕೊಂಡು ಬುವಾಲೈ ಮನೆಯೊಳಗೆ ಬಂದಾಗ ಚಾಪೆ ಖಾಲಿಯಿತ್ತು. ಖಮ್‌ಫಾ ಹಾಸಿಗೆ ಹಿಡಿದಿದ್ದಳು. ರೋಗವೆಂದು ಹೇಳುವಂಥದ್ದೇನೂ ಇರಲಿಲ್ಲ. ಅನ್ನ ಬೇಡವೆಂದಳು, ಆಮೇಲೆ ಗಂಜಿಯೂ ಬೇಡವೆಂದಳು. ಊರಿನ ಆರೋಗ್ಯ ಕೇಂದ್ರದವರು ಬಂದು ನೋಡಿ, ವಯಸ್ಸಾಯಿತು ಎಂದು ಹೇಳಿ ಹೋಗಿದ್ದರು.

"ನಾವು ಆಸ್ಪತ್ರೇಲಿದ್ದಾಗ ಯಾಕೆ ಹೇಳ್ಲಿಲ್ಲ?" ಎಂದು ಬುವಾಲೈ ಗಂಡನನ್ನು ಕೇಳಿದಳು.

"ಅವ್ವ ಹೇಳಬೇಡ ಅಂದ್ಲು. ಹೇಳಿದ್ರೆ ಅವಳು ಹೊಲಿಗೆ ಬಿಚ್ಚೋ ಮುಂಚೆನೇ ಓಡಿ ಬರ್ತಾಳೆ ಅಂದ್ಲು."

ಅತ್ತೆಯ ಹಾಸಿಗೆ ನೆಲದ ಮೇಲಿತ್ತು. ಬುವಾಲೈ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಹೋದರೆ ಕೂರಬೇಕು, ಕೂತರೆ ಮಂಡಿ ಹೋಗುತ್ತದೆ. ಕುರ್ಚಿ ತರಿಸಿಕೊಂಡರೆ ಮಲಗಿದ ಅತ್ತೆಯ ತಲೆಗಿಂತ ಮೇಲೆ ಕೂತಂತಾಗುತ್ತದೆ. ಹೊಸ್ತಿಲಾಚೆ ನಿಂತೇ ಇದ್ದಳು.

"ಅವ್ವ, ಬಂದೆ."

ಖಮ್‌ಫಾ ಕಣ್ಣು ತೆರೆದಳು. ಚೌಕಟ್ಟಿನ ಕಾಲುಗಳನ್ನು ನೋಡಿದಳು, ಬ್ಯಾಂಡೇಜಿನ ಕಾಲನ್ನು ನೋಡಿದಳು. "ನೆಟ್ಟಗಾಯ್ತಾ?"

"ಆಯ್ತು ಅವ್ವ."

"ನೋವಿದೆಯಾ?"

"ಸ್ವಲ್ಪ."

"ಸುಳ್ಳಿ." ಮುದುಕಿಯ ಮುಖದಲ್ಲಿ ನಗುವಿನಂಥದ್ದು ಏನೋ ಬಂತು. "ಹೋಗು. ನಿಂತ್ಕೋಬೇಡ. ಕಾಲು ನಡುಗ್ತಿದೆ."

ದಿನವೂ ಅಷ್ಟೇ ನಡೆಯುತ್ತಿತ್ತು. ಬುವಾಲೈ ಬೆಳಗ್ಗೆ ಸಂಜೆ ಬಾಗಿಲಲ್ಲಿ ಬಂದು ನಿಲ್ಲುವಳು, ಗಂಜಿ ಕುಡಿಸುವ ಗಂಡನಿಗೆ, "ಇನ್ನೊಂದು ಚಮಚ, ತಲೆ ಸ್ವಲ್ಪ ಎತ್ತಿ ಹಿಡಿ" ಎಂದು ಹೇಳುವಳು, ಕಾಲು ಸೋತಾಗ ಹೋಗುವಳು. ಹೊರಗೆ ಅಂಗಳದ ಕುರ್ಚಿಯಲ್ಲಿ ಕೂತು ಅಳುವಳು. ಬಾಣಂತನ ಮಾಡಿದವಳ ಬಾಯಿಗೆ ಒಂದು ಚಮಚ ಗಂಜಿ ಹಾಕಲು ತನಗೆ ಬಗ್ಗಲಾಗದು. ಇಷ್ಟು ಮಾಡದ ಮೇಲೆ ಹೊಸ ಮಂಡಿ ಇಟ್ಟುಕೊಂಡು ಏನು ಮಾಡಲಿ ಎಂದು ಗಂಡನ ಮುಂದೆ ಗೋಳಾಡುವಳು.

ಒಂದು ಮಧ್ಯಾಹ್ನ ಬಾಗಿಲಿಗೆ ಬಂದಾಗ ಒಳಗೆ ತಾಯಿ ಮಗ ಗುಸುಗುಸು ಮಾತಾಡುತ್ತಿದ್ದರು. ಇವಳನ್ನು ಕಂಡು ಇಬ್ಬರೂ ಸುಮ್ಮನಾದರು. "ಏನು?" ಎಂದಳು. "ಏನಿಲ್ಲ, ಮನೆ ವಿಷಯ" ಎಂದ ಸುಥಿನ್.  ನಾನು ಮನೆಯವಳಲ್ಲವೇ ಎಂದು ಬುವಾಲೈಗೆ ಕೇಳಬೇಕೆನಿಸಿತು. ಚೌಕಟ್ಟು ತಿರುಗಿಸಿಕೊಂಡು ಅಂಗಳಕ್ಕೆ ಹೋದಳು.

ಆ ವಾರ ಮುಗಿಯುವುದರೊಳಗೆ, ಬೆಳಗಿನ ಅಂಟಕ್ಕಿ ಇನ್ನೂ ಹಬೆಯಲ್ಲಿ ಬೇಯುತ್ತಿರುವಾಗ, ಖಮ್‌ಫಾ ತೀರಿಕೊಂಡಳು.

ಮನೆ ತುಂಬ ಜನ ಬಂದರು. ಹೆಂಗಸರು ಅಡುಗೆಗೆ ಕೂತರು, ಗಂಡಸರು ಚಪ್ಪರ ಹಾಕಿದರು. ಹೆಣದ ಕೈಗೆ ಪರಿಮಳದ ನೀರು ಹಾಕುವ ಶಾಸ್ತ್ರಕ್ಕೆ ಬುವಾಲೈಯನ್ನು ಇಬ್ಬರು ಹಿಡಿದುಕೊಂಡರು, ನಿಂತೇ ಬಗ್ಗಿ ಹಾಕಿದಳು. ಅದೇನೋ ಮುಗಿಯಿತು. ಆದರೆ ಮೂರು ದಿನ ಸಂಜೆ ಭಿಕ್ಷುಗಳು ಬಂದು ಮಂತ್ರ ಹೇಳುತ್ತಾರೆ. ಮನೆಯವರು ಶವಪೆಟ್ಟಿಗೆಯ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕೂತು ಕೈ ಮುಗಿಯಬೇಕು. ಮೊದಲ ಸಾಲಿನಲ್ಲಿ ಸೊಸೆ.

ಬುವಾಲೈ ಮಗಳನ್ನು ಒಳಗೆ ಕರೆದಳು. "ನನ್ನ ಬಿಳೀ ಬಟ್ಟೆ ಕೊಡು. ಮುಂದಿನ ಚಾಪೇಲಿ ನಂಗೊಂದು ಜಾಗ ಇಡು."

"ಚಾಪೇಲಾ?" ಮಲಿವಾನ್ ಬಾಗಿಲು ಹಾಕಿದಳು. "ಆಣೆ ಇಟ್ಟಿದೀಯ ಅಮ್ಮ. ನನ್ನ ತಲೆ ಮೇಲೆ ಕೈಯಿಟ್ಟು."

"ಮೂರು ದಿನ ಅಷ್ಟೇ."

"ಹೊಲಿಗೆ ಒಣಗಿ ಎಷ್ಟು ದಿನ ಆಯ್ತು? ಇವತ್ತೇ ಕಿತ್ಕೊಂಡು ಬರುತ್ತೆ ಅದು. ಆಮೇಲೆ ಡಾಕ್ಟರ ಹತ್ರ ಏನಿದೆ? ಕೋಲು!"

"ಕೋಲಾದ್ರೆ ಆಗ್ಲಿ!" ಬುವಾಲೈಯ ದನಿ ಒಡೆಯಿತು. "ಬದುಕಿದ್ದಾಗ ಕಡೇ ತುತ್ತು ಹಾಕ್ಲಿಲ್ಲ ನಾನು. ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ. ಈಗ ಊರ ಜನದ ಮುಂದೆ, ಅವಳು ಮಲಗಿರುವಾಗ, ನಾನು ಕುರ್ಚಿ ಮೇಲೆ ರಾಣಿ ಹಾಗೆ ಕೂರ್ಲಾ? ಅದಕ್ಕಿಂತ ಕಾಲು ಹೋಗೋದು ವಾಸಿ."

"ಅಜ್ಜಿ ಹೋದ್ಲು ಅಮ್ಮ. ಅವಳಿಗೆ ಏನೂ ಕಾಣಲ್ಲ."

"ನಂಗೆ ಕಾಣುತ್ತಲ್ಲ."

ಮಲಿವಾನ್ ತಾಯಿಯ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬುವಾಲೈ ಅವಳ ತಲೆ ಸವರಿದಳು, ಆದರೆ ಮಾತು ಬದಲಿಸಲಿಲ್ಲ. ಬಿಳಿ ಬಟ್ಟೆ ಉಟ್ಟು ಚೌಕಟ್ಟು ಊರಿಕೊಂಡು ಹೊರಟಳು. ಚಾಪೆಗೆ ಇಳಿಯುವಾಗ ಯಾವುದನ್ನು ಹಿಡಿದುಕೊಳ್ಳಲಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು.

ಹೊರಗೆ ಪೆಟ್ಟಿಗೆ ಇಡಲು ಹಲಗೆ ಜೋಡಿಸುತ್ತಿದ್ದ ಗಂಡಸರ ಗಲಾಟೆ ಕೇಳಿಸಿತು.

"ಸುಥಿನಣ್ಣ, ಇಷ್ಟೆತ್ತರ ಯಾಕಣ್ಣ? ಹೂವಿಡೋಕೂ ಏಣಿ ಬೇಕಲ್ಲ!"

"ಇನ್ನೊಂದು ಹಲಗೆ ಹಾಕು ಅಂದೆ. ಹಾಕು" ಎಂದ ಸುಥಿನ್. ಮೆತ್ತಗೆ ಮಾತಾಡುವ ಮನುಷ್ಯ ಅವತ್ತು ಯಾರ ಮಾತನ್ನೂ ಕೇಳುತ್ತಿರಲಿಲ್ಲ.

"ಎಲ್ಲರ ಮನೇಲೂ ಸೊಂಟದ ಮಟ್ಟಕ್ಕಿಡ್ತಾರೆ. ಇದೇನು ಮಾಳಿಗೆ ಕಟ್ಟಿದ ಹಾಗೆ?"

"ಅವ್ವ ಹೇಳಿದ್ದು."

 ಆರು ಜನ ಸೇರಿ ಪೆಟ್ಟಿಗೆಯನ್ನು ಎತ್ತಿ ಹಲಗೆಗಳ ಮೇಲಿಟ್ಟರು. ಅದು ನಿಂತ ಗಂಡಸಿನ ಎದೆಯ ಮಟ್ಟಕ್ಕೆ ಬಂತು. ಭಿಕ್ಷುಗಳಿಗೂ ಬಿದಿರಿನ ಮಂಚವೊಂದನ್ನು ಎತ್ತರಿಸಿ ಹಾಕಿದ್ದರು. ಸುಥಿನ್ ಒಳಗೆ ಹೋಗಿ, ಮಗಳು ತಂದಿದ್ದ ಕುರ್ಚಿಗಳಲ್ಲಿ ಒಂದನ್ನು ತಂದು ಪೆಟ್ಟಿಗೆಯ ಮುಂದೆ ಇಟ್ಟ. ಹೆಂಡತಿಯ ಕಡೆ ತಿರುಗಿದ.

"ಮಲಿಯ ಅಮ್ಮಾ, ಬಾ. ಕೂತ್ಕೋ."

"ನಾನು ಕೂರಲ್ಲ ಅದರ ಮೇಲೆ."

"ಕೂತ್ಕೊಂಡು ತಲೆ ಎತ್ತಿ ನೋಡು, ಯಾರು ಮೇಲಿದಾರೆ ಅಂತ."

ಬುವಾಲೈಗೆ ಅರ್ಥವಾಗಲಿಲ್ಲ. ಗಂಡ ಹತ್ತಿರ ಬಂದು ದನಿ ತಗ್ಗಿಸಿದ.

"ಆವತ್ತು ಬಾಗಿಲಲ್ಲಿ ನಿಂತು ಏನು ಅಂತ ಕೇಳಿದೆಯಲ್ಲ, ಇದೇ. ನೀನು ಅಂಗಳದ ಕುರ್ಚೀಲಿ ಕೂತಿರ್ತೀಯಲ್ಲ, ಆಗ ನಿನ್ನ ತಲೆ ಎಷ್ಟು ಎತ್ತರ ಬರುತ್ತೆ ಅಂತ ನೋಡ್ಕೊಂಡು ಬಾ ಅಂದ್ಲು ಅವ್ವ. ಅದಕ್ಕಿಂತ ಒಂದು ಗೇಣು ಮೇಲೆ ನನ್ನನ್ನ ಇಡು ಅಂದ್ಲು. 'ಬದುಕಿರೋವಾಗ ಮೇಲೆ ಕೂರೋಕೆ ನನ್ನ ಕೈಲಾಗ್ಲಿಲ್ಲ, ತಲೆ ತಿರುಗ್ತಿತ್ತು. ಸತ್ತ ಮೇಲೆ ತಿರುಗಲ್ಲ' ಅಂದ್ಲು."

ಬುವಾಲೈ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇನ್ನೇನಂದ್ಲು?"

ಸುಥಿನ್ ಮೂಗು ಒರೆಸಿಕೊಂಡ. "'ಕುರ್ಚಿ ಮೇಲೆ ಕೂರು ಅಂತ ನಾನು ಒಂದು ಮಾತು ಹೇಳಿದ್ರೆ ಕೇಳ್ತಿದ್ಲು. ಬೇಕಂತಲೇ ಹೇಳ್ಲಿಲ್ಲ. ಅವಳು ನನ್ನ ಪಕ್ಕ ಕೂತು ಉಣ್ಣೋದು ನಂಗಿಷ್ಟ ಆಗಿತ್ತು ಕಣೋ. ಅವಳ ಕಾಲು ತಿಂದೋಳು ನಾನೇ' ಅಂದ್ಲು."

"ಇಲ್ಲ ಅವ್ವ" ಎಂದಳು ಬುವಾಲೈ, ಗಂಡನಿಗಲ್ಲ, ಪೆಟ್ಟಿಗೆಗೆ. "ಇಲ್ಲ ಅವ್ವ, ನಂಗೂ ಇಷ್ಟ ಆಗಿತ್ತು."

ಮಲಿವಾನ್ ಒಂದು ಕಡೆ, ಸುಥಿನ್ ಒಂದು ಕಡೆ ಹಿಡಿದು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಕೂತು ತಲೆ ಎತ್ತಿದಳು. ಅತ್ತೆ ಮೇಲಿದ್ದಳು. ಚಪ್ಪರದಡಿ ಚಾಪೆಯ ಮೇಲೆ ಕೂತ ಜನ ನೋಡುತ್ತಿದ್ದರು. ಹಿರಿಯ ಸ್ವಾಮಿಗಳು ಮಂಚದ ಮೇಲಿಂದ ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಕುರ್ಚಿಯನ್ನೂ ನೋಡಿ, ವಾಡಿಕೆಯಂತೆ ಬೀಸಣಿಗೆಯನ್ನು ಮುಖದ ಮುಂದೆ ಹಿಡಿದು ಮಂತ್ರ ಶುರು ಮಾಡಿದರು. ಬುವಾಲೈ ಮಂತ್ರ ಮುಗಿಯುವವರೆಗೆ ಕೈ ಮುಗಿದು ಅಳುತ್ತಿದ್ದಳು. ಮಂಡಿ ನೋಯಲಿಲ್ಲ.

ಭಿಕ್ಷುಗಳು ಹೋದ ಮೇಲೆ ಪೆಟ್ಟಿಗೆ ತಟ್ಟಿ ಸತ್ತವರನ್ನು ಊಟಕ್ಕೆ ಕರೆಯುವ ಹೊತ್ತಾಯಿತು. ಮಲಿವಾನ್ ತಟ್ಟೆ ತಂದಳು, ಅಂಟಕ್ಕಿ ಅನ್ನ, ಸುಟ್ಟ ಮೀನು, ಚಟ್ನಿ.

"ಮೊದಲು ಈಚೆ ಕೊಡು" ಎಂದಳು ಬುವಾಲೈ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮಂಜಾಗಿದ್ದರೂ ಬೆರಳಿನಿಂದ ತಡವಿ ತಡವಿ ಮೀನಿನ ಮುಳ್ಳು ಬಿಡಿಸಿದಳು. ಸುಥಿನ್ ತಟ್ಟೆಯನ್ನು ಮೇಲಿಟ್ಟ. ಬುವಾಲೈ ಕೂತಲ್ಲಿಂದಲೇ ಕೈಯನ್ನು ಪೂರ್ತಿ ಮೇಲಕ್ಕೆ ಚಾಚಿ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ ಕರೆದಳು.

"ಅವ್ವ, ಏಳು. ಊಟಕ್ಕೆ ಬಾ. ಮುಳ್ಳೆಲ್ಲ ತೆಗ್ದಿದೀನಿ."

ಆಮೇಲೆ ಮಗಳ ಕಡೆ ಕೈ ನೀಡಿದಳು. "ನಂಗೂ ಒಂದು ತಟ್ಟೆ ಹಾಕಿ ಕೊಡೆ. ಇಲ್ಲೇ ಉಣ್ತೀನಿ."